ಧಾರವಾಡದ ಹಬ್ಬಗಳಿಗೆ ಸಪ್ತಾಪುರದ ಮಕ್ಕಳನ್ನೂ ಕರೆಯೋಣ

ಧಾರವಾಡದ ಬಗ್ಗೆ ಯಾರೇ ಬರೆಯಲು ಕುಳಿತರೂ ಪೇಢೆ, ಮಳೆ, ಬೇಂದ್ರೆ, ಸಂಗೀತ ಎಂಬ ನಾಲ್ಕು ಮಾತಿನಲ್ಲಿ ಊರು ಮುಗಿದುಬಿಡುತ್ತದೆ. ಈ ನಾಲ್ಕೂ ನನಗೂ ಪ್ರಾಣವೇ. ಆದರೆ ನಾವು ನೆಂಟರಿಗೆ ಹೆಮ್ಮೆಯಿಂದ ತೋರಿಸುವ ಕಟ್ಟಡಗಳ ಹಿಂದೆ, ವರ್ಷವರ್ಷವೂ ನಡೆಸುವ ಹಬ್ಬಗಳ ಹಿಂದೆ, ಹೊರಗಿನಿಂದ ಬಂದವರಿಗೆ ಈ ಊರು ಜಾಗ ಕೊಟ್ಟ ಸಂಗತಿಯೊಂದು ಇದೆ. ಓದಲು ಬಂದವರಿಗೆ ಇನ್ನೂ ಹೆಚ್ಚಾಗಿ. ಇಂದೂ ಹಾಗೆ ಬಂದ ಸಾವಿರಾರು ಹುಡುಗ ಹುಡುಗಿಯರು ಸಪ್ತಾಪುರ, ಶ್ರೀನಗರದ ಬಾಡಿಗೆ ಕೋಣೆಗಳಲ್ಲಿದ್ದಾರೆ. ನಮ್ಮ ಹಬ್ಬಗಳಲ್ಲಿ ಮಾತ್ರ ಅವರ ಮುಖ ಕಾಣುವುದಿಲ್ಲ. ಬಹಳ ದಿನಗಳಿಂದ ನನ್ನ ಮನಸ್ಸನ್ನು ಕೊರೆಯುತ್ತಿರುವ ವಿಷಯ ಇದು. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಓದಿ.

ಕರ್ನಾಟಕ ಕಾಲೇಜಿನಿಂದಲೇ ಶುರು ಮಾಡುತ್ತೇನೆ. ಕೆಸಿಡಿ ವೃತ್ತದ ಬಳಿ ಮರಗಳ ನಡುವೆ ನಿಂತಿರುವ ಆ ಹಳೆಯ ಕಟ್ಟಡ ಕಾಲೇಜಿಗೆಂದು ಕಟ್ಟಿದ್ದಲ್ಲ. ಅದು ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು. 1908ರಲ್ಲಿ ಆ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ಸೇರಿಹೋಯಿತು, ಮುಖ್ಯ ಕಚೇರಿ ಮದ್ರಾಸಿನ ಪಾಲಾಯಿತು. ಆಗ ಈ ಭಾಗದ ಹುಡುಗರು ಪದವಿ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಗಂಟುಮೂಟೆ ಕಟ್ಟಬೇಕಿತ್ತು. ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಹಣ ಕೂಡಿಸಲು ಓಡಾಡಿದರು. 1917ರಲ್ಲಿ ಕಾಲೇಜು ಬಂದಿತು. ರೈಲ್ವೆ ಗುಮಾಸ್ತರು ಲೆಕ್ಕ ಬರೆಯುತ್ತಿದ್ದ ಕಟ್ಟಡದಲ್ಲಿ ಒಕ್ಕಲುತನದ ಮನೆಯ ಮಕ್ಕಳು ಕುಳಿತು ಓದುವಂತಾಯಿತು. ಗಿರೀಶ ಕಾರ್ನಾಡರು ಗಣಿತ ಓದಿದ್ದೂ ಅಲ್ಲಿಯೇ.

ವಿಶ್ವವಿದ್ಯಾಲಯ ಬಂದದ್ದು ಆಮೇಲೆ. 1949ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ ಮರುವರ್ಷ ಧಾರವಾಡಕ್ಕೆ ಬಂದಿತು. ಛೋಟಾ ಮಹಾಬಳೇಶ್ವರ ಎಂದು ಕರೆಯುತ್ತಿದ್ದ ಗುಡ್ಡದ ಮೇಲೆ ಅದು ಬೆಳೆದು ನಿಂತಿತು. 1954ರಿಂದ 1967ರವರೆಗೆ ಡಿ. ಸಿ. ಪಾವಟೆಯವರು ಕುಲಪತಿಗಳಾಗಿದ್ದ ಕಾಲವನ್ನು ಊರಿನ ಹಿರಿಯರು ಇಂದಿಗೂ ನೆನೆಯುತ್ತಾರೆ. ಅದರ ಲಾಂಛನದ ಮೇಲೆ ‘ಅರಿವೇ ಗುರು’ ಎಂದಿದೆ. ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯವೂ ಅದೇ ಆವರಣದಲ್ಲಿದೆ. ವೀರಗಲ್ಲುಗಳು, ಶಾಸನಗಳು, ಮೂರ್ತಿಗಳನ್ನು ಒಟ್ಟಿಗೆ ನೋಡಬೇಕೆಂದರೆ ಒಮ್ಮೆ ಅಲ್ಲಿಗೆ ಹೋಗಿಬನ್ನಿ. ಧಾರವಾಡದಲ್ಲೇ ಹುಟ್ಟಿ ಬೆಳೆದೂ ಅದರೊಳಗೆ ಕಾಲಿಡದವರು ಎಷ್ಟೋ ಜನ.

ಕಟ್ಟಡವೇನೋ ಸಿಕ್ಕಿತು, ಹೊಟ್ಟೆಗೆ? ಬಯಲುಸೀಮೆಯ ಬಡ ಮನೆಯ ಹುಡುಗನೊಬ್ಬ ಧಾರವಾಡಕ್ಕೆ ಬಂದರೆ ಮೊದಲು ಎದುರಾಗುವ ಪ್ರಶ್ನೆ ಅದು. ಅದಕ್ಕೆ ಉತ್ತರ ಕೊಟ್ಟದ್ದು ಮುರುಘಾಮಠ. ಮೃತ್ಯುಂಜಯ ಅಪ್ಪಗಳು ಕಟ್ಟಿ ಬೆಳೆಸಿದ ಉಚಿತ ಪ್ರಸಾದ ನಿಲಯದಲ್ಲಿ ಉಂಡು ಓದಿ ಮುಂದೆ ಬಂದವರು ಈ ನಾಡಿನ ತುಂಬ ಇದ್ದಾರೆ. ನನ್ನ ಅಣ್ಣ ಅವರಲ್ಲೊಬ್ಬ. ಭಕ್ತರು ಹಳ್ಳಿಗಳಿಂದ ಜೋಳದ ಚೀಲ ತಂದು ಇಳಿಸುತ್ತಿದ್ದುದನ್ನು, ಪಂಕ್ತಿಯಲ್ಲಿ ಕುಳಿತಾಗ ಬೀಳುತ್ತಿದ್ದ ನುಚ್ಚು, ಸಾರಿನ ರುಚಿಯನ್ನು ಅವನು ಈಗಲೂ ಹೇಳುತ್ತಾನೆ. ಮಠದ ಜಾತ್ರೆಯಲ್ಲಿ ತೇರು ಎಳೆಯುವಾಗ ಹಗ್ಗಕ್ಕೆ ಕೈ ಹಚ್ಚುವ ಎಷ್ಟೋ ಜನರು ಹೀಗೆ ಉಂಡು ಓದಿದವರೇ. ತೇರಿಗಿಂತ ಆ ಪಂಕ್ತಿಯೇ ದೊಡ್ಡ ಹೆಗ್ಗುರುತು ಎಂದು ನನಗನಿಸುತ್ತದೆ.

ಪೇಢೆಯ ಮಾತು ಬಿಡುವಂತಿಲ್ಲವಲ್ಲ. ಉತ್ತರ ಪ್ರದೇಶದ ಉನ್ನಾವ್‌ನಲ್ಲಿ ಪ್ಲೇಗು ಬಂದಾಗ ಊರು ಬಿಟ್ಟು ಬಂದ ಠಾಕೂರ್ ಮನೆತನ ಇಲ್ಲಿ ನೆಲೆ ನಿಂತಿತು. ಹಾಲನ್ನು ಕಾಯಿಸಿ ಖವಾ ಮಾಡಿ, ಅದು ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿದು, ಸಕ್ಕರೆಯಲ್ಲಿ ಹೊರಳಿಸಿದರು. ಲೈನ್ ಬಜಾರಿನ ಆ ಪೇಢೆಗೆ ಇಂದು ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ. ಸಿತಾರ್ ರತ್ನ ರಹಿಮತ್ ಖಾನರು ಕೂಡ ಹೊರಗಿನಿಂದಲೇ ಬಂದವರು. ಅವರು 1931ರಲ್ಲಿ ಭಾರತೀಯ ಸಂಗೀತ ವಿದ್ಯಾಲಯ ತೆರೆದರು, ಅವರ ಮನೆತನದ ಸಿತಾರ್ ಪರಂಪರೆ ಇಂದಿಗೂ ಈ ಊರಿನದು. ಮೈಸೂರು ದಸರೆಗೆಂದು ಮುಂಬಯಿ, ಮಿರಜ ಕಡೆಯಿಂದ ರೈಲು ಹತ್ತಿದ ಉಸ್ತಾದರು ನಡುದಾರಿಯ ಧಾರವಾಡದಲ್ಲಿ ಇಳಿದು ಹಾಡುತ್ತಿದ್ದರು. ಇಲ್ಲಿನ ಮನೆಗಳು ಅವರನ್ನು ಉಳಿಸಿಕೊಂಡವು. ಮಲ್ಲಿಕಾರ್ಜುನ ಮನ್ಸೂರರಂಥವರು ಅರಳಿದ್ದು ಅಂಥ ನೆಲದಲ್ಲಿ.

ಇನ್ನು ನಾಡಹಬ್ಬ. ನಮ್ಮ ಇಂದಿನ ಹುಡುಗರಿಗೆ ನಾಡಹಬ್ಬ ಎಂದರೆ ಮೈಸೂರಿನ ಅಂಬಾರಿ. ಆದರೆ 1926ರಲ್ಲಿ ಬೇಂದ್ರೆ ಮತ್ತು ಅವರ ಗೆಳೆಯರ ಗುಂಪು ಧಾರವಾಡದಲ್ಲಿ ನವರಾತ್ರಿಯನ್ನು ನಾಡಹಬ್ಬವಾಗಿ ಆಚರಿಸಲು ಶುರುಮಾಡಿತು. ಅದರಲ್ಲಿ ಆನೆ ಇರಲಿಲ್ಲ, ದರ್ಬಾರು ಇರಲಿಲ್ಲ. ಭಾಷಣ, ಕವಿತೆ, ಹಾಡು ಇದ್ದವು. ಕನ್ನಡಿಗರು ಆಗ ಮುಂಬಯಿ, ಮದ್ರಾಸ್, ಮೈಸೂರು, ಹೈದರಾಬಾದು, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ಒಂದೇ ಹೊತ್ತಿಗೆ ಎಲ್ಲ ಕಡೆ ಒಂದೇ ಹಬ್ಬ ಮಾಡಿದರೆ ನಾವೆಲ್ಲ ಒಂದು ಎನ್ನುವ ಭಾವ ಹುಟ್ಟುತ್ತದೆ ಎಂಬ ನಂಬಿಕೆ ಅವರದು. ಬೇಂದ್ರೆಯವರಿಗೆ ಆಗ ವಯಸ್ಸು ಮೂವತ್ತು. ಜೇಬಿನಲ್ಲಿ ಕಾಸಿಲ್ಲದ ತರುಣರು ಮಾಡಿದ ಹಬ್ಬ ಊರಿಂದೂರಿಗೆ ಹರಡಿತು. ಮೂವತ್ತು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ಕನ್ನಡದ ರಾಜ್ಯವೇ ಆಯಿತು.

ಅದಕ್ಕೂ ಮೊದಲು 1890ರ ಜುಲೈ 20ರಂದು ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದರು. ಶಾಲೆ, ಕಚೇರಿಗಳಲ್ಲಿ ಮರಾಠಿಯ ಮೇಲುಗೈ ಇದ್ದ ಕಾಲ ಅದು. ‘ಸಿರಿಗನ್ನಡಂ ಗೆಲ್ಗೆ’ ಎಂಬ ಘೋಷಣೆ ಅವರದೇ. ಸಂಘದಲ್ಲಿ ಇಂದೂ ಸಂಜೆಯಾದರೆ ಏನಾದರೊಂದು ಕಾರ್ಯಕ್ರಮ ಇದ್ದೇ ಇರುತ್ತದೆ. ಉಪನ್ಯಾಸ, ಪುಸ್ತಕ ಬಿಡುಗಡೆ, ನಾಟಕ, ದತ್ತಿ ಕಾರ್ಯಕ್ರಮ. ಕರ್ನಾಟಕದ ಇನ್ನಾವ ಊರಿನಲ್ಲೂ ಇಷ್ಟು ಸಂಜೆಗಳು ಹೀಗೆ ಕಳೆಯುವುದಿಲ್ಲ ಎಂದು ಎದೆ ತಟ್ಟಿ ಹೇಳುತ್ತೇನೆ. ಆದರೆ ಸಭೆಯಲ್ಲಿ ಕುಳಿತವರತ್ತ ಒಮ್ಮೆ ಕಣ್ಣು ಹಾಯಿಸಿ. ನಾವೇ, ಅದೇ ನಾವೇ. ನಿವೃತ್ತ ಪ್ರಾಧ್ಯಾಪಕರು, ನಿವೃತ್ತ ಬ್ಯಾಂಕಿನವರು, ಸಾಹಿತಿಗಳು, ಸಾಹಿತಿಗಳ ಮನೆಯವರು. ಕೂದಲು ಕಪ್ಪಗಿರುವವರು ಮೊದಲೆರಡು ಸಾಲು ಬಿಡಿ, ಕೊನೆಯ ಸಾಲಿನಲ್ಲೂ ಅಪರೂಪ.

ಅದೇ ಹೊತ್ತಿನಲ್ಲಿ, ನಡೆದು ಹೋಗುವಷ್ಟು ದೂರದ ಸಪ್ತಾಪುರದಲ್ಲಿ, ಒಂದೊಂದು ಓದುಕೋಣೆಯಲ್ಲೂ ಜಾಗ ಸಾಲದಷ್ಟು ತರುಣರು ಇರುತ್ತಾರೆ. ನಮ್ಮ ಮನೆಯ ಮೇಲಿನ ಮಹಡಿಯಲ್ಲಿ ಮೂವರು ಹುಡುಗಿಯರು ಬಾಡಿಗೆಗಿದ್ದಾರೆ. ಕೊಪ್ಪಳ, ವಿಜಯಪುರ ಕಡೆಯವರು, ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾರೆ. ಅವರಲ್ಲೊಬ್ಬಳು ಒಮ್ಮೆ ತಾನು ಓದುವ ಜಾಗ ತೋರಿಸಿದಳು. ಲೈಬ್ರರಿ ಎಂದು ಹಲಗೆ ಹಾಕಿದ್ದರೂ ಒಳಗೆ ಪುಸ್ತಕದ ಕಪಾಟಿಲ್ಲ. ಸಾಲಾಗಿ ಪ್ಲೈವುಡ್ ಗೂಡುಗಳು, ಒಂದೊಂದರಲ್ಲೂ ಒಂದು ದೀಪ, ಮೊಬೈಲ್ ಚಾರ್ಜ್ ಮಾಡುವ ಒಂದು ಪ್ಲಗ್ಗು, ಕುರ್ಚಿಯ ಮೇಲೆ ಮನೆಯಿಂದ ತಂದ ದಿಂಬು. ಮೇಜಿನ ಮೂಲೆಯಲ್ಲಿ ಮೆಸ್ಸಿನ ಸ್ಟೀಲ್ ಡಬ್ಬಿ, ಅದರಲ್ಲಿ ಎರಡು ರೊಟ್ಟಿ, ಹೆಸರುಕಾಳು ಪಲ್ಯ, ಅನ್ನ, ಸಾರು. ಗೋಡೆಯ ತುಂಬ ಬಣ್ಣಬಣ್ಣದ ಚೀಟಿಗಳು. ಒಂದು ಹಳದಿ ಚೀಟಿಯ ಮೇಲೆ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: ‘ಕ. ವಿ. ಸಂಘ – 1890 – ರಾ. ಹ. ದೇಶಪಾಂಡೆ – ಧಾರವಾಡ’.

ಸಂಘವನ್ನು ನೋಡಿದ್ದೀಯಾ ಎಂದು ಕೇಳಿದೆ. ‘ಇಲ್ಲ ಅಕ್ಕ, ಅದು ಈಗಲೂ ಇದೆಯೇ?’ ಎಂದಳು. ಈ ಊರಿಗೆ ಬಂದು ಅವಳಿಗೆ ಎರಡು ವರ್ಷ ದಾಟಿತ್ತು.

ಆ ಮಾತು ಕೇಳಿ ನನಗೆ ಆದ ಸಂಕಟ ಅಷ್ಟಿಷ್ಟಲ್ಲ. ಏಕೀಕರಣದ ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿದ ಮಗುವಿಗೆ ಏಕೀಕರಣದ ಮನೆಯ ದಾರಿಯನ್ನು ಯಾರೂ ತೋರಿಸಿಲ್ಲ. ತಪ್ಪು ಅವಳದಲ್ಲ. ಒಂದೊಂದು ನೇಮಕಾತಿ ಅಧಿಸೂಚನೆಗೂ ವರ್ಷಗಟ್ಟಲೆ ಕಾಯುವ ಮಕ್ಕಳು ಅವರು. ತಂದೆ ಹೊಲ ಒತ್ತೆ ಇಟ್ಟು ಕಳಿಸಿದ ಹಣದಲ್ಲಿ ಓದುವಾಗ ಸಂಜೆ ಎರಡು ಗಂಟೆ ಹೊರಗೆ ಕಳೆಯುವುದೂ ಅಪರಾಧವೆನಿಸುತ್ತದೆ. ಹಬ್ಬಕ್ಕೆ ಊರಿಗೂ ಹೋಗುವುದಿಲ್ಲ. ಪಂಚಮಿಗೆ ತವರಿನಲ್ಲಿ ಜೋಕಾಲಿ ಕಟ್ಟಿದ್ದಾರೆ, ಉಂಡಿ ಕಟ್ಟಿದ್ದಾರೆ ಎಂದು ಫೋನಿನಲ್ಲಿ ಚಿತ್ರ ನೋಡಿ ಮತ್ತೆ ಪುಸ್ತಕ ತೆಗೆಯುತ್ತಾರೆ.

ನಮ್ಮ ಓಣಿಯಲ್ಲಿ ಈ ಮಾತು ತೆಗೆದರೆ ಬರುವ ಉತ್ತರ ನನಗೆ ಗೊತ್ತು. ಇವರಿಂದಾಗಿ ಬಾಡಿಗೆ ಏರಿತು, ನಳದ ನೀರು ಮೊದಲೇ ದಿನಗಟ್ಟಲೆ ಕಾದು ಬರುತ್ತದೆ, ಅದೂ ಸಾಲದಾಯಿತು, ರಸ್ತೆಯ ತುಂಬ ಬೈಕು. ಎಲ್ಲವೂ ನಿಜ. ಆದರೆ ಬಾಡಿಗೆ ಎಣಿಸಿಕೊಳ್ಳುತ್ತಿರುವವರೂ ನಾವೇ ತಾನೇ? ಅವರ ಹಣಕ್ಕೆ ಜಾಗವಿದೆ, ಅವರಿಗೆ ಸಭೆಯಲ್ಲಿ ಕುರ್ಚಿ ಇಲ್ಲ ಎನ್ನುವುದು ಧಾರವಾಡಕ್ಕೆ ಒಪ್ಪುವ ನಡತೆಯಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಕಲ್ಯಾಣನಗರದ ಮನೆಯ ಬಾಗಿಲಲ್ಲೇ ಕಲಬುರ್ಗಿ ಸರ್ ಅವರನ್ನು ಕೊಂದರು. ಗುರುತಿಲ್ಲದವರು ಬಂದರೆ ಬಾಗಿಲು ತೆರೆಯಲು ಅಂದಿನಿಂದ ನಾವು ಹೆದರತೊಡಗಿದೆವು ಎಂದು ನನಗೆ ಎಷ್ಟೋ ಸಲ ಅನಿಸಿದೆ. ಆ ಹೆದರಿಕೆ ನನಗೆ ಅರ್ಥವಾಗುತ್ತದೆ. ಅದು ಊರಿನ ಸ್ವಭಾವವೇ ಆಗಿಬಿಡುವುದು ಮಾತ್ರ ಬೇಡ.

ಬೇರೆ ರೀತಿಯಲ್ಲೂ ಹಬ್ಬ ಮಾಡಬಹುದು ಎಂಬುದಕ್ಕೆ ನಮ್ಮೂರಲ್ಲೇ ಕೃಷಿ ಮೇಳ ಇದೆ. ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಆದದ್ದು. ಸೆಪ್ಟೆಂಬರ್ ಬಂತೆಂದರೆ ಆ ಆವರಣ ಜಾತ್ರೆಯಾಗುತ್ತದೆ. ಲಕ್ಷಗಟ್ಟಲೆ ರೈತರು ಬಸ್ಸು, ಟ್ರ್ಯಾಕ್ಟರ್, ಟೆಂಪೊಗಳಲ್ಲಿ ಬರುತ್ತಾರೆ, ಬುತ್ತಿ ಬಿಚ್ಚಿ ಮರದ ನೆರಳಲ್ಲಿ ಉಣ್ಣುತ್ತಾರೆ. ನನಗೆ ಅಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ವಿದ್ಯಾರ್ಥಿಗಳು. ಪ್ರಾತ್ಯಕ್ಷಿಕೆಯ ಹೊಲದ ಬದುವಿನ ಮೇಲೆ ನಿಂತು, ತಮ್ಮ ಅಜ್ಜನ ವಯಸ್ಸಿನ ರೈತರಿಗೆ ತೊಗರಿಯ ತಳಿಯನ್ನೋ ಹತ್ತಿಯ ಕೀಟವನ್ನೋ ವಿವರಿಸುತ್ತಾರೆ. ರೈತರು ಸುಮ್ಮನೆ ಕೇಳುವುದಿಲ್ಲ, ಅಡ್ಡ ಪ್ರಶ್ನೆ ಹಾಕುತ್ತಾರೆ. ಹುಡುಗಿಯೊಬ್ಬಳು ಉತ್ತರ ತೋಚದೆ ಓಡಿಹೋಗಿ ತನ್ನ ಪ್ರಾಧ್ಯಾಪಕರನ್ನೇ ಕರೆತಂದದ್ದನ್ನು ನೋಡಿದ್ದೇನೆ. ಅಲ್ಲಿ ವಿದ್ಯಾರ್ಥಿಗಳೇ ಮನೆಯವರು, ಬಂದವರನ್ನು ಬರಮಾಡಿಕೊಳ್ಳುವವರು.

ಭಾರತ ಹುಣ್ಣಿಮೆಯ ಹೊತ್ತಿಗೆ ಉಳವಿ ಜಾತ್ರೆಗೆ ಚಕ್ಕಡಿಗಳು ಹೋಗುವುದನ್ನು ನೀವೂ ನೋಡಿರುತ್ತೀರಿ. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಹಿಂದೆ ಮೇವು, ಅಡುಗೆಯ ಪಾತ್ರೆ. ಸಾಲುಗಟ್ಟಿ ಸಾಗುವ ಚಕ್ಕಡಿಯವರಿಗೆ ದಾರಿಯುದ್ದಕ್ಕೂ ಜನ ನೀರು, ಊಟ ಕೊಡುತ್ತಾರೆ. ಯಾವ ಊರಿನವರು, ಯಾರ ಪೈಕಿ ಎಂದು ಯಾರೂ ಕೇಳುವುದಿಲ್ಲ. ಅಷ್ಟು ದೊಡ್ಡ ಮನಸ್ಸು ನಮಗೆ ಇದೆ.

ಹೋದ ದಸರೆಗೆ ಮೇಲಿನ ಮಹಡಿಯ ಹುಡುಗಿಯರು ಊರಿಗೆ ಹೋಗಿರಲಿಲ್ಲ, ಪರೀಕ್ಷೆ ಹತ್ತಿರ ಬಂದಿತ್ತು. ಸಂಜೆ ಕೆಳಗೆ ಕರೆದೆ. ಹೋಳಿಗೆ ಮಾಡಿದ್ದೆ. ಕೊಪ್ಪಳದ ಹುಡುಗಿ ನನ್ನ ಕೈಗೆ ಬನ್ನಿ ಎಲೆ ಇಟ್ಟು, ‘ಬನ್ನಿ ತೆಗೆದುಕೊಂಡು ಬಂಗಾರದ ಹಾಗೆ ಇರೋಣ ಅಕ್ಕ’ ಎಂದು ಬಗ್ಗಿ ನಮಸ್ಕಾರ ಮಾಡಿದಳು. ಊರಿನಲ್ಲಾದರೆ ಮೊದಲು ದೇವರಿಗೆ, ಆಮೇಲೆ ಅಜ್ಜನಿಗೆ, ಆಮೇಲೆ ಓಣಿಯ ಮನೆ ಮನೆಗೆ ಕೊಡುವುದು ಎಂದಳು. ಇಲ್ಲಿ ಯಾರ ಮನೆಗೆ ಹೋಗುವುದು ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳನ್ನು ಕರೆದುಕೊಂಡು ನಮ್ಮ ಸಾಲಿನ ಮನೆಗಳಿಗೆಲ್ಲ ಹೋಗಿಬಂದೆ. ಎಲ್ಲರೂ ಒಳಗೆ ಕರೆದರು, ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ.

ಹಾಗಾಗಿ ನಾನು ಕೇಳುವುದು ಕಷ್ಟದ್ದೇನಲ್ಲ. ಸಭೆಗಳನ್ನು ನಡೆಸುವ ಹಿರಿಯರೇ, ವಾರಕ್ಕೊಂದಾದರೂ ಕಾರ್ಯಕ್ರಮವನ್ನು ಸಪ್ತಾಪುರಕ್ಕೆ ತನ್ನಿ. ಸಂಜೆ ಏಳಕ್ಕೆ ಇಟ್ಟು ಎಂಟೂಕಾಲಿಗೆ ಮುಗಿಸಿ, ಹುಡುಗಿಯರ ಪಿಜಿಗಳಿಗೆ ರಾತ್ರಿ ಬೇಗ ಬೀಗ ಬೀಳುತ್ತದೆ. ಸ್ವಾಗತ, ಸನ್ಮಾನ, ಶಾಲು, ಹಾರಗಳಿಗೆ ಅರ್ಧ ಗಂಟೆ ಕಳೆಯಬೇಡಿ, ಆ ಮಕ್ಕಳ ಹೊತ್ತು ಬೆಲೆಯುಳ್ಳದ್ದು. ಏಕೀಕರಣದ ಬಗ್ಗೆ ಮಾತನಾಡಬಲ್ಲ ವಿದ್ವಾಂಸರು ಈ ಊರಿನಲ್ಲಿ ಇದ್ದಾರೆ, ಕೇಳಬೇಕಾದವರು ಅಲ್ಲಿ ಇದ್ದಾರೆ. 2013ರಲ್ಲಿ ಸಾಹಿತ್ಯ ಸಂಭ್ರಮದಂಥ ದೊಡ್ಡ ಹಬ್ಬ ಶುರುಮಾಡಿದ ಊರಿಗೆ ಇದು ಯಾವ ಮಹಾ ಕೆಲಸ? ಮನೆ ಬಾಡಿಗೆಗೆ ಕೊಟ್ಟವರೇ, ಸಂಕ್ರಾಂತಿಗೆ ಕುಸುರೆಳ್ಳು ಹಂಚುವಾಗ ಮೇಲಿನ ಮಹಡಿಯ ಬಾಗಿಲನ್ನೂ ತಟ್ಟಿ.

ನನ್ನ ಕೈಲಾದದ್ದನ್ನು ನಾನು ಮಾಡುತ್ತೇನೆ. ಈ ನವರಾತ್ರಿಯಲ್ಲಿ ಒಂದು ಸಂಜೆ ನಮ್ಮ ಮನೆಯ ಅಂಗಳದಲ್ಲಿ ಸಣ್ಣ ನಾಡಹಬ್ಬ. ಚಾಪೆ ಹಾಸುತ್ತೇನೆ, ಗಿರ್ಮಿಟ್ ಮತ್ತು ಮಿರ್ಚಿ ನನ್ನ ಕಡೆಯಿಂದ. ವಚನ ಹಾಡುವವರು ಒಬ್ಬರು ಒಪ್ಪಿದ್ದಾರೆ. ವಿದ್ಯಾವರ್ಧಕ ಸಂಘದ ಆರಂಭದ ದಿನಗಳ ಬಗ್ಗೆ ಅರ್ಧ ಗಂಟೆ ಮಾತನಾಡುವವರು ಬೇಕು, ಈ ಬರಹ ಓದುತ್ತಿರುವ ಇತಿಹಾಸದ ಮೇಷ್ಟ್ರುಗಳಲ್ಲಿ ಯಾರಾದರೊಬ್ಬರು ಕೆಳಗೆ ಹೆಸರು ಹಾಕಿ. ನಿಮ್ಮ ಮನೆಯಲ್ಲಿ ಬಾಡಿಗೆಗಿರುವ ಮಕ್ಕಳಿಗೆ ಇವತ್ತೇ ಹೇಳಿಡಿ, ಅವರನ್ನು ಕರೆದುಕೊಂಡು ನೀವೂ ಬನ್ನಿ.