ಬೀಟ್‌ರೂಟ್ ಪಲ್ಯದ ಇಂಗ್ಲಿಷು

ಧಾರವಾಡದ ಎರಿ ಮಣ್ಣಿಗೆ ಮೊದಲ ಮಳೆ ಬಿದ್ದು ಐದು ನಿಮಿಷ ಆಗಿರುವುದಿಲ್ಲ, ಅರ್ಧ ಊರಿನ ವಾಟ್ಸ್ಯಾಪ್ ಸ್ಟೇಟಸ್ಸಿನಲ್ಲಿ ‘ಪೆಟ್ರಿಕಾರ್’ ಮೊಳೆತಿರುತ್ತದೆ, ಮಳೆಗೆ ಏಳುವ ಮಣ್ಣಿನ ವಾಸನೆಗೆ ಇಂಗ್ಲಿಷಿನ ಹೆಸರು. ‘ಇದ್ಯಾವ ಕಾರ್ರೀ, ಪೆಟ್ರೋಲಾ ಡೀಸೆಲ್ಲಾ?’ ಅಂತ ಕೇಳುವವರ ಮೇಲೆ ಸಿಟ್ಟಿಲ್ಲ. ಸಿಟ್ಟು ಸ್ಟೇಟಸ್ ಹಾಕಿದವರ ಮೇಲೆ.

ಸಪ್ತಾಪುರದ ಕೋಚಿಂಗ್ ಓಣಿಗಳಲ್ಲಿ ಇಂಥ ಇಂಗ್ಲಿಷ್ ಪದಗಳ ಸ್ಪೈರಲ್ ಹಾಕಿಸಿದ ಪಟ್ಟಿ ಕೈಯಿಂದ ಕೈಗೆ ದಾಟುತ್ತದೆ. ಅಬೇಟ್, ಅಬೇಯನ್ಸ್, ಅಬ್ಜೂರ್, ಅಬ್ನೆಗೇಟ್. ಒಂದೇ ಮುಖದ ಪದಗಳನ್ನು ಒಟ್ಟಿಗೆ ಉರು ಹೊಡೆದರೆ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ನಾಲ್ಕನೇ ದಿನ ಮತ್ತೆ ಮೊದಲ ಪುಟ. ಹೀಗಾಗಿ ‘ಎ’ ಅಕ್ಷರದ ಪಂಡಿತರು ಹೇರಳ, ‘ಎಂ’ ಮುಟ್ಟಿದವರು ವಿರಳ. ದಿನಕ್ಕೆ ಐದು ಸಾಕು, ಅವೂ ಐದು ದಿಕ್ಕಿನವು. ಒಂದಕ್ಕೆ ಅರ್ಧ ಪುಟ: ಪದ ಸಿಕ್ಕ ವಾಕ್ಯ ಮೊದಲು, ಅರ್ಥ ಆಮೇಲೆ, ಅಕ್ಕಪಕ್ಕ ಕೂತಿದ್ದ ಪದಗಳು ಕೊನೆಗೆ. ಮಾರನೇ ದಿನ, ಮೂರನೇ ದಿನ, ವಾರಕ್ಕೆ, ಮೂರು ವಾರಕ್ಕೆ ಅರ್ಥದ ಮೇಲೆ ಅಂಗೈ ಮುಚ್ಚಿ ನೆನಪಿಸಿಕೊಳ್ಳಬೇಕು. ಮೂರು ಬೇರೆ ಬೇರೆ ಕಡೆ ಎದುರಾಗುವ ತನಕ ಬಾಯಿಗೆ ತರಬಾರದು. ಈ ಕಡೆಯ ಪಥ್ಯ ಮಾತ್ರ ಯಾರೂ ಪಾಲಿಸುವುದಿಲ್ಲ. ‘ನಾಯ್ಸಮ್’ ಎಂದರೆ ಗದ್ದಲ ಅಂದುಕೊಂಡು ಹುಬ್ಬಳ್ಳಿಯ ತಿಂಡಿ ಬೀದಿ ದುರ್ಗದಬೈಲಿನ ಸಂಜೆಗೆ ಅದನ್ನು ಅಂಟಿಸುತ್ತಾರೆ. ಅದು ‘ನಾಯ್ಸ್’ ಮನೆತನದ್ದಲ್ಲ, ‘ಅನಾಯ್’ ಪದದ ತುಂಡಿನಿಂದ ಬಂದದ್ದು. ಅರ್ಥ ಗಬ್ಬು ನಾತ. ಮಿರ್ಚಿ ಕರಿಯುವವನ ಕಿವಿಗೆ ಬೀಳದಿದ್ದರೆ ಪುಣ್ಯ.

ಪೆಟ್ರಿಕಾರ್‌ಗೆ ಬರೋಣ. 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ಕಟ್ಟಿದ ಪದ. ಗ್ರೀಕಿನಲ್ಲಿ ಪೆಟ್ರಾ ಅಂದರೆ ಬಂಡೆ, ಐಕೋರ್ ಅಂದರೆ ದೇವತೆಗಳ ಮೈಯಲ್ಲಿ ರಕ್ತದ ಬದಲು ಹರಿಯುವ ದ್ರವ. ಅವರು ಹೆಸರಿಟ್ಟದ್ದು ಒಣಗಿದ ಕಲ್ಲು ಮಣ್ಣಿನಿಂದ ಬಟ್ಟಿ ಇಳಿಸಿದ ಎಣ್ಣೆಗೆ. ಮಳೆ ಬಿದ್ದಾಗ ಏಳುವ ಮಣ್ಣುಘಾಟಿನಲ್ಲಿ ಜಿಯೋಸ್ಮಿನ್ ಎಂಬ ಇನ್ನೊಂದು ವಸ್ತುವೂ ಇದೆ, ಮಣ್ಣಿನ ಬ್ಯಾಕ್ಟೀರಿಯಾಗಳ ತಯಾರಿ. ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ. ಇದೇ ಜಿಯೋಸ್ಮಿನ್ ಬೀಟ್‌ರೂಟಿನಲ್ಲೂ ಇದೆ. ಸಂಜೆ ಕಣ್ಣು ಮುಚ್ಚಿ, ಉಸಿರೆಳೆದು ಸ್ಟೇಟಸ್ ಹಾಕಿದ ಅದೇ ಮಹಾಶಯ, ರಾತ್ರಿ ರೊಟ್ಟಿ ಜೊತೆ ಬೀಟ್‌ರೂಟ್ ಪಲ್ಯ ಬಡಿಸಿದರೆ, ‘ಏನವ್ವಾ ಇದು, ಮಣ್ಣ ವಾಸ್ನಿ ಬರ್ತದ’ ಅಂತ ತಾಟು ಸರಿಸುತ್ತಾನೆ.

ಅವನಿಗೆ ಬೈಯುವುದಕ್ಕೂ ಒಂದು ಘನವಾದ ಪದ ಹುಡುಕಬಹುದಿತ್ತು. ಇರಲಿ, ಪಲ್ಯ ಆರುತ್ತಿದೆ. ಆ ವಾಸನೆ ಸಿಪ್ಪೆಯಲ್ಲೇ ಹೆಚ್ಚು, ದಪ್ಪಗೆ ಹೆರೆಯಿರಿ. ಒಲೆಯಿಂದ ಇಳಿಸುವ ಹೊತ್ತಿಗೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿ. ಹುಳಿ ಬಿದ್ದರೆ ಜಿಯೋಸ್ಮಿನ್ ಒಡೆದು ಘಾಟು ಇಳಿಯುತ್ತದೆ. ಮೇಲೆ ಒಂದು ಚಮಚ ಗುರೆಳ್ಳು ಚಟ್ನಿಪುಡಿ.