ಭಾವನ ಮೂಗು, ನಮ್ಮ ಮೀನು

ಮೀನಿನ ಫ್ರೈ ತವೆಯಿಂದ ಇಳಿದ ಮೇಲೆ ಅದರ ಆಯುಸ್ಸು ಎಷ್ಟು? ನನ್ನ ಲೆಕ್ಕದಲ್ಲಿ ಮೊದಲ ತುಂಡು ನಾಲಿಗೆ ಸುಡಬೇಕು, ಕೊನೆಯ ತುಂಡಿಗೂ ಒಂದಿಷ್ಟು ಬಿಸಿ ಉಳಿದಿರಬೇಕು. ಅಷ್ಟರೊಳಗೆ ತಿಂದವನು ಮೀನು ತಿಂದ. ಆಮೇಲೆ ತಿಂದವನು ರವೆ ತಿಂದ. ಹಾಸನದಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮಂಗಳೂರು ನಮಗೆ ಸುಮಾರು 170 ಕಿಲೋಮೀಟರ್ ದೂರ, ದೂರವಿದ್ದವರಿಗೇ ಚಪಲ ಜಾಸ್ತಿ. ಅಂಥದ್ದರಲ್ಲಿ ಮಲ್ಪೆಯ ಕಡಲು ಕೂಗಳತೆಯಲ್ಲಿರುವಾಗ, ಬಾಳೆಎಲೆಯ ಮೇಲೆ ಕಾಣೆ ಫ್ರೈ ಬಡಿಸಿಕೊಂಡು, ಅದು ಆರಿ ತಣ್ಣಗಾಗುವುದನ್ನು ಕಣ್ಣಾರೆ ನೋಡುತ್ತ ಕೂರುವ ಯೋಗ ನನ್ನ ಹಣೆಯಲ್ಲಿ ಬರೆದಿತ್ತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಕಾರಣ ನನ್ನ ಭಾವ. ಸರಿಯಾಗಿ ಹೇಳಬೇಕೆಂದರೆ, ಭಾವನ ಮೂಗು.

ಹಾಸನದವರು ಮೀನು ತಿನ್ನಲು ಘಟ್ಟ ಇಳಿಯುವುದು ಸುಲಭವಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಅದು ಮೀನು ಮೊಟ್ಟೆಯಿಡುವ ಕಾಲ. ಸಮುದ್ರ ಬಾಗಿಲು ತೆರೆಯುವ ಹೊತ್ತಿಗೆ ಶ್ರಾವಣ ಬಂದು ನಮ್ಮ ಅಡುಗೆಮನೆಯ ಬಾಗಿಲು ಹಾಕುತ್ತದೆ. ಅದರ ಬೆನ್ನಿಗೆ ಗೌರಿ ಗಣೇಶ, ಮುಂದೆ ನವರಾತ್ರಿ. ಈ ನಡುವೆ ಶಿರಾಡಿ ಘಾಟಿಯಲ್ಲಿ ಗುಡ್ಡ ಯಾವಾಗ ಜರಿಯುತ್ತದೆಂದು ಗುಡ್ಡಕ್ಕೂ ಗೊತ್ತಿರುವುದಿಲ್ಲ. ಎಲ್ಲ ಮುಗಿಯಿತಪ್ಪ ಎಂದು ಉಸಿರು ಬಿಡುವಾಗ ಹಾಸನಾಂಬೆಯ ಗರ್ಭಗುಡಿ ತೆರೆಯುತ್ತದೆ. ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ತೆರೆದರೆ ದೀಪಾವಳಿ ಕಳೆಯುವವರೆಗೆ ದರ್ಶನ. ಆ ದಿನಗಳಲ್ಲಿ ಹಾಸನದಲ್ಲಿ ಸ್ವಂತ ಮನೆ ಇರುವವರೆಲ್ಲ ಛತ್ರದ ಮ್ಯಾನೇಜರುಗಳು. ಎಲ್ಲಿಯ ನೆಂಟರೋ, ಯಾರ ಕಡೆಯವರೋ, ಬಚ್ಚಲಿಗೂ ಸರದಿ.

ಈ ಸಲ ಅಕ್ಕ ಭಾವ ಬೆಂಗಳೂರಿನಿಂದ ಬಂದಿದ್ದರು. ದೇವಸ್ಥಾನದ ಬಾಗಿಲು ಹಾಕಿತು, ನೆಂಟರು ಒಬ್ಬೊಬ್ಬರಾಗಿ ಖಾಲಿಯಾದರು, ಇವರು ಮಾತ್ರ ಉಳಿದರು. “ರಜೆ ಇನ್ನೂ ಇದೆ, ಕರಾವಳಿಯ ಕಡೆ ಒಂದು ಸುತ್ತು ಹೋಗಿ ಬರೋಣವೇ?” ಎಂದು ಭಾವ ಕೇಳಿದಾಗ ನಾನು ಪಂಚಾಂಗವನ್ನೂ ನೋಡಲಿಲ್ಲ.

ಭಾವ ಮೊದಲು ಹೀಗಿರಲಿಲ್ಲ. ಮದುವೆಯ ಹೊಸದರಲ್ಲಿ, ಮುದ್ದೆಯನ್ನು ಅಗಿಯಬಾರದು ನುಂಗಬೇಕು ಎಂದು ನಾವು ಹೇಳಿಕೊಟ್ಟರೆ ಮರುಮಾತಿಲ್ಲದೆ ನುಂಗಿದ ಸಾಧು ಮನುಷ್ಯ. ಕೆಟ್ಟದ್ದು ನಂದಿಬೆಟ್ಟದ ತಪ್ಪಲಿನಲ್ಲಿ. ಅವರ ಕಚೇರಿಯವರು ಎಲ್ಲರನ್ನೂ ಅಲ್ಲಿನ ಒಂದು ದ್ರಾಕ್ಷಿ ತೋಟಕ್ಕೆ ಕರೆದೊಯ್ದು, ವೈನನ್ನು ಹೇಗೆ ನೋಡಬೇಕು, ಹೇಗೆ ಮೂಸಬೇಕು, ಹೇಗೆ ಬಾಯಲ್ಲಿ ಹೊರಳಿಸಬೇಕು ಎಂದು ಅರ್ಧ ದಿನದಲ್ಲಿ ಕಲಿಸಿ ಕಳಿಸಿದರು. 2007ರಲ್ಲಿ ಸರ್ಕಾರ ವೈನ್ ನೀತಿ ತಂದದ್ದು ದ್ರಾಕ್ಷಿ ಬೆಳೆಗಾರರ ಕೈ ಹಿಡಿಯಲಿ ಎಂದು. ಹಿಡಿಯಲಿ, ನಮ್ಮದೇನೂ ಅಭ್ಯಂತರವಿಲ್ಲ. ಆದರೆ ಆ ನೀತಿ ಸುತ್ತಿ ಬಳಸಿ ಬಂದು ನನ್ನ ಎಲೆಯ ಮೇಲಿನ ಕಾಣೆಗೆ ತಗಲುತ್ತದೆ ಎಂದು ಯಾರು ಕಂಡಿದ್ದರು?

ಅಂದಿನಿಂದ ಭಾವನ ಕೈಗೆ ಸಿಕ್ಕಿದ ದ್ರವಪದಾರ್ಥ ಯಾವುದೂ ನೆಟ್ಟಗೆ ಬಾಯಿಗೆ ಹೋದದ್ದಿಲ್ಲ. ಮಜ್ಜಿಗೆಯ ಲೋಟವನ್ನು ಗರಗರ ತಿರುಗಿಸುತ್ತಾರೆ. ಕಾಫಿಯನ್ನು ಮೂಸಿ, ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕುತ್ತಾರೆ. ಅಮ್ಮ ಮಾಡಿದ ಬಸ್ಸಾರಿನ ಬಟ್ಟಲನ್ನು ಬೆಳಕಿಗೆ ಹಿಡಿದು, “ಹಿನ್ನೆಲೆಯಲ್ಲಿ ಎಲ್ಲೋ ಹೊಗೆಯ ಪರಿಮಳ ಇದೆ” ಎಂದರು. ಎಲ್ಲೋ ಅಲ್ಲ, ಒಲೆಯ ಮೇಲೆಯೇ ಇತ್ತು. ಅಮ್ಮ ಒಗ್ಗರಣೆ ಸೀಯಿಸಿದ್ದಳು.

ಬೇರೆ ಯಾರಾದರೂ ಆಗಿದ್ದರೆ “ಸಾಕು, ಊಟ ಮಾಡಿ” ಎನ್ನಬಹುದಿತ್ತು. ಇವರು ಅಳಿಯಂದಿರು. ನಮ್ಮ ಮನೆಯಲ್ಲಿ ಅಳಿಯ ಎಲೆಗೆ ಕೈಯಿಡದೆ ಅಮ್ಮ ಕೈಯಿಡುವುದಿಲ್ಲ. ಅಮ್ಮ ಕೈಯಿಡದೆ ನಾವು ಯಾರೂ ಇಡುವಂತಿಲ್ಲ. ಹೀಗಾಗಿ ಭಾವ ಮೂಸಿ ಮುಗಿಸುವವರೆಗೆ ಇಡೀ ಪಂಕ್ತಿ ಕೈ ಕಟ್ಟಿ ಕೂರಬೇಕು.

ಹೊರಡುವ ಹಿಂದಿನ ಸಂಜೆ ವೈನ್ ಬೇಕು ಎಂದರು. ಮೀನಿಗೆ ಬಿಳಿಯ ವೈನೇ ಆಗಬೇಕು, ಕೆಂಪು ಸೇರಿದರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಬರುತ್ತದೆ ಎಂದು ವಿವರಿಸಿದರು. ‘ವೈನ್ಸ್’ ಎಂದು ಬೋರ್ಡು ಹಾಕಿಕೊಂಡ ಅಂಗಡಿಗೇ ಹೋದೆವು. ಒಳಗಿದ್ದ ಹುಡುಗ ನಮ್ಮ ಬೇಡಿಕೆ ಕೇಳಿ ಗಾಬರಿಯಾದ. ನಮ್ಮಿಬ್ಬರನ್ನೂ ಮೇಲಿನಿಂದ ಕೆಳಗೆ ನೋಡಿ, “ಬಾಣಂತಿಗೆ ಕೊಡುವುದಕ್ಕೋ ಸರ್?” ಎಂದ. ಅಲ್ಲ ಎಂದ ಮೇಲೆ ಏಣಿ ಹತ್ತಿ, ಅಟ್ಟದ ಮೂಲೆಯಿಂದ ಒಂದು ಬಾಟಲಿ ತೆಗೆದು, ತೊಡೆಗೆ ಒರೆಸಿ ಕೊಟ್ಟ. ಶೆನಿನ್ ಬ್ಲಾಂಕ್. ಭಾವ ಅದನ್ನು ತಮ್ಮ ಟವಲಿನಲ್ಲಿ ಸುತ್ತಿ, ತೊಡೆಯ ಮೇಲೆ ಮಲಗಿಸಿಕೊಂಡು ಕಾರಿನಲ್ಲಿ ಕೂತರು. ಬಾಣಂತಿಯಿಲ್ಲದೆಯೇ ಮಗುವಾಯಿತು.

ಕಾರು ಓಡಿಸುವವನು ನಾನು. ಆದ್ದರಿಂದ ಆ ಬಾಟಲಿಯಲ್ಲಿ ನನಗೆ ಪಾಲಿಲ್ಲ, ಅದರ ವರ್ಣನೆಯಲ್ಲಿ ಮಾತ್ರ ಪೂರ್ತಿ ಪಾಲು. ಸಕಲೇಶಪುರದಿಂದ ಗುಂಡ್ಯದವರೆಗೆ ಮುಂದೆ ಒಂದು ಗ್ಯಾಸ್ ಟ್ಯಾಂಕರ್, ಹಿಂದೆ ಒಂದು, ಒಳಗೆ ಭಾವ. ತಿರುವಿನಲ್ಲಿ ಬ್ರೇಕ್ ಹಾಕಿದಾಗಲೆಲ್ಲ “ನಿಧಾನ, ಕದಡುತ್ತದೆ” ಎನ್ನುತ್ತಿದ್ದರು. ಹಿಂದಿನ ಸೀಟಿನಲ್ಲಿ ಅಕ್ಕ ವಾಂತಿ ಬರುತ್ತದೆಂದು ನಿಂಬೆಹಣ್ಣು ಮೂಸುತ್ತಿದ್ದಳು, ಅದನ್ನು ಕೇಳುವವರಿಲ್ಲ.

ಮಂಗಳೂರಿನಲ್ಲಿ ಮಧ್ಯಾಹ್ನ ಊಟ ಮಾಡಿದ ಹೋಟೆಲಿನಲ್ಲಿ ಮದ್ಯ ಇಡುವುದಿಲ್ಲ. ಬಚಾವಾದೆವು ಎಂದುಕೊಂಡೆ. ಅಲ್ಲಿ ಮಸಾಲೆ ಹಚ್ಚಿದ ಮೀನುಗಳನ್ನು ತಟ್ಟೆಯಲ್ಲಿ ಜೋಡಿಸಿ ತಂದು ಯಾವುದು ಬೇಕೆಂದು ಕೇಳುತ್ತಾರೆ. ಅಂಜಲ್, ಮಾಂಜಿ, ಬಂಗುಡೆ, ಸಿಗಡಿ. ಭಾವ ತಟ್ಟೆಗೆ ಮೂಗಿಟ್ಟು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಹೋದರು. ಬಡಿಸುವವನು ಅವಮಾನದಿಂದ ಕೆಂಪಾಗಿ, “ಇವತ್ತು ಬೆಳಿಗ್ಗೆ ಬಂದದ್ದು ಮಾರಾಯರೇ, ಹಾಳಾಗಿಲ್ಲ” ಎಂದ. ಆಮೇಲೆ ಪುನರ್ಪುಳಿ ಶರಬತ್ತು ಬಂತು. ಆ ಕೆಂಪು ಬಣ್ಣ ನೋಡಿದ್ದೇ ತಡ, ಭಾವ ಲೋಟ ಎತ್ತಿ ತಿರುಗಿಸತೊಡಗಿದರು. ಕುಚ್ಚಲಕ್ಕಿ ಅನ್ನದ ಮೇಲೆ ಬಡಿಸಿದ ಸಾರು ಕೆನೆಗಟ್ಟುತ್ತಿತ್ತು.

ಆದರೂ ಇದು ಪೀಠಿಕೆ. ರಾತ್ರಿ ನಾವು ಇಳಿದುಕೊಂಡದ್ದು ಮಲ್ಪೆಯ ಹತ್ತಿರದ ಒಂದು ಮನೆಯಲ್ಲಿ, ಮೇಲೆ ಮೂರು ಕೋಣೆ ಬಾಡಿಗೆಗೆ. ಮನೆಯ ಯಜಮಾನಿ ಕಾಣೆ ರವೆ ಫ್ರೈ, ನೀರುದೋಸೆ, ಮರುವಾಯಿ ಸುಕ್ಕ ಮಾಡಿ ತಾವೇ ಬಾಳೆಎಲೆಯ ಮೇಲೆ ಬಡಿಸಿ ಇಳಿದು ಹೋದರು. ಎಣ್ಣೆ ಇನ್ನೂ ಚಿಟಚಿಟ ಎನ್ನುತ್ತಿತ್ತು. ಕರಿಬೇವು ಗರಿಗರಿಯಾಗಿ ರವೆಯ ಮೇಲೆ ಅಂಟಿಕೊಂಡಿತ್ತು. ನಾನು ತೋಳು ಮಡಿಸಿದೆ.

“ಒಂದು ನಿಮಿಷ” ಎಂದರು ಭಾವ.

ವೈನ್ ತಣ್ಣಗಿರಬೇಕಂತೆ. ಹಾಸನದ ಅಟ್ಟದಿಂದ ಹೊರಟು, ಘಟ್ಟದ ಬಿಸಿಲು ಕುಡಿದು, ಕರಾವಳಿಯ ಸೆಕೆಯಲ್ಲಿ ಬೆಂದ ಬಾಟಲಿ ಅದು. ಫ್ರಿಜ್ಜಿನಲ್ಲಿ ಜಾಗವಿರಲಿಲ್ಲ. ಯಜಮಾನಿಯ ಮಗ ಬಹಳ ಉಪಕಾರಿ. ಓಡಿಹೋಗಿ ಒಂದು ಥರ್ಮೋಕೋಲ್ ಪೆಟ್ಟಿಗೆಯ ತುಂಬ ಮಂಜುಗಡ್ಡೆಯ ಪುಡಿ ತಂದ. ಮಲ್ಪೆ ಮೀನುಗಾರಿಕೆಯ ಬಂದರು, ಅಲ್ಲಿ ಮಂಜುಗಡ್ಡೆ ಯಾವುದಕ್ಕೆ ಇರುತ್ತದೆಂದು ಹೇಳಬೇಕಾಗಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ನಾಲ್ಕಾರು ಬೆಳ್ಳಿಯ ಹುರುಪೆಗಳು ಹೊಳೆಯುತ್ತಿದ್ದವು. ಭಾವ ಮೊಬೈಲಿನಲ್ಲಿ ಎಷ್ಟು ಡಿಗ್ರಿ ಇರಬೇಕೆಂದು ಓದುತ್ತಿದ್ದರು, ನೋಡಲಿಲ್ಲ. ನಾನು ನೋಡಿದೆ. ಹುಡುಗನೂ ನನ್ನ ಮುಖ ನೋಡಿದ. ಬಾಟಲಿಯನ್ನು ಕುತ್ತಿಗೆಯವರೆಗೆ ಹೂತೆವು.

ಎಲೆಯ ಮೇಲೆ ಚಿಟಚಿಟ ನಿಂತಿತು.

ಬಾಟಲಿ ತಣ್ಣಗಾಯಿತು. ಈಗ ತೆರೆಯುವ ವಿಧಿ. ಭಾವ ಚೀಲದಿಂದ ಮಖಮಲ್ಲಿನ ಡಬ್ಬಿಯೊಂದನ್ನು ತೆಗೆದರು. ಒಳಗೆ ಸುರುಳಿ ಮೊಳೆ, ಎರಡು ಕಡೆ ರೆಕ್ಕೆ. ಬಿರಡೆಯನ್ನು ಓಕ್ ಮರದ ತೊಗಟೆಯಿಂದ ಮಾಡುತ್ತಾರೆ, ಪೋರ್ಚುಗಲ್ಲಿನಲ್ಲಿ ಹೆಚ್ಚು, ಮೊಳೆಯನ್ನು ನೇರ ಇಳಿಸದಿದ್ದರೆ ಪುಡಿಯಾಗಿ ಒಳಗೆ ಬೀಳುತ್ತದೆ ಎಂದು ಪಾಠವಾಯಿತು. ಅಷ್ಟರಲ್ಲಿ ಅಮ್ಮ ಬಾಟಲಿ ಎತ್ತಿ, ಸೆರಗಿನಲ್ಲಿ ಕತ್ತು ಹಿಡಿದು ಒಂದು ತಿರುವು ತಿರುವಿದಳು. ಟಕ್. ತಿರುಪು ಮುಚ್ಚಳ.

“ಇದೇನು, ಕೆಮ್ಮಿನ ಔಷಧಿಗೂ ಇದೇ ಮುಚ್ಚಳ ತಾನೇ” ಎಂದು ಬಾಟಲಿ ಇಟ್ಟಳು. ಭಾವ ಡಬ್ಬಿ ಮುಚ್ಚಿದರು. ಆ ಮುಖ ನೋಡಿ, ಇನ್ನು ಊಟ ಎಂದು ಕೈ ಮುಂದೆ ಮಾಡಿದೆ.

“ಸ್ವಲ್ಪ ಹೊತ್ತು ಉಸಿರಾಡಲಿ” ಎಂದರು.

ವೈನ್ ಉಸಿರಾಡಿತು. ಎಲೆಯ ಮೇಲಿನ ಮೀನು ಉಸಿರು ಬಿಟ್ಟು ಬಹಳ ಹೊತ್ತಾಗಿತ್ತು. ರವೆಯ ಅಂಚಿನಲ್ಲಿ ಎಣ್ಣೆ ಬೆಳ್ಳಗಾಗುತ್ತಿತ್ತು, ಕರಿಬೇವು ಮೆತ್ತಗಾಗಿ ಮಗುಚಿಕೊಂಡಿತ್ತು, ನೀರುದೋಸೆಗಳು ಒಂದಕ್ಕೊಂದು ಅಂಟಿ ಒಂದೇ ದೋಸೆಯಾಗಿದ್ದವು. ಗಾಜಿನ ಲೋಟ ಸಿಗಲಿಲ್ಲ, ಸ್ಟೀಲ್ ಲೋಟಕ್ಕೆ ಸುರಿದರು. ಸ್ಟೀಲಿನೊಳಗೆ ಬಣ್ಣ ಕಾಣುವುದಿಲ್ಲವಾದ್ದರಿಂದ ಮೊಬೈಲಿನ ಟಾರ್ಚ್ ಹಾಕಿ, ಇಎನ್‌ಟಿ ಡಾಕ್ಟರು ಗಂಟಲು ಇಣುಕುವ ಭಂಗಿಯಲ್ಲಿ ಒಳಗೆ ನೋಡಿದರು. ಗರಗರ ತಿರುಗಿಸಿದರು, ಒಂದಿಷ್ಟು ಪಂಚೆಯ ಮೇಲೆ ಬಿತ್ತು. ಕಣ್ಣು ಮುಚ್ಚಿದರು. ಮೂಗನ್ನು ಲೋಟದೊಳಗೆ ಇಳಿಸಿ ದೀರ್ಘವಾಗಿ ಎಳೆದುಕೊಂಡರು.

ನಾನು, ಬಾಗಿಲಲ್ಲಿ ನಿಂತಿದ್ದ ಹುಡುಗ, ಇಬ್ಬರೂ ಉಸಿರು ಹಿಡಿದಿದ್ದೆವು.

“ಅದ್ಭುತ” ಎಂದರು. “ಸಮುದ್ರ ಇದೆ ಇದರಲ್ಲಿ! ಕಲ್ಲು, ಉಪ್ಪು, ಅಲೆಯ ಗಾಳಿ. ಇದನ್ನೇ ಅವರು ಖನಿಜದ ಗುಣ ಎನ್ನುವುದು. ನೀನೂ ಮೂಸಿ ನೋಡು.”

ಮೂಸಿದೆ. ಬಂಗುಡೆ.

“ಹೌದು ಭಾವ, ಸಮುದ್ರವೇ” ಎಂದೆ. ಹುಡುಗ ಕೆಮ್ಮುತ್ತ ಮೆಟ್ಟಿಲು ಇಳಿದ. ಭಾವ ಮಾತ್ರ ಬಿಡಲಿಲ್ಲ. ಮತ್ತೆ ಮೂಸಿದರು, ಸಮುದ್ರ ಇನ್ನೂ ಹತ್ತಿರ ಬಂತು, ನಂದಿಬೆಟ್ಟದ ಮಣ್ಣಿಗೆ ಈ ಗುಣ ಎಲ್ಲಿಂದ ಬಂತು ಎಂದು ಚಿಂತಿಸಿದರು, ಮೊಬೈಲಿನಲ್ಲಿ ಬರೆದುಕೊಂಡರು. ಕೊನೆಗೊಮ್ಮೆ ಗುಟುಕರಿಸಿ, ಮರುವಾಯಿ ಸುಕ್ಕ ಬಾಯಿಗಿಟ್ಟರು. ಖಾರದ ಜೊತೆ ಮದ್ಯ ಸೇರಿದರೆ ಉರಿ ಹೆಚ್ಚಾಗುತ್ತದೆ ಎಂಬುದನ್ನು ತೋಟದವರು ಹೇಳಿಕೊಟ್ಟಿರಲಿಲ್ಲವೋ ಏನೋ, ನೀರಿನ ಚೊಂಬಿಗೆ ಎರಡೂ ಕೈ ಹಾಕಿದರು.

ಅವರು ನೀರು ಕುಡಿಯುವ ಆ ಗಡಿಬಿಡಿಯಲ್ಲಿ ಅಕ್ಕನನ್ನು ನೋಡಿದೆ. ಸೆರಗಿನ ಮರೆಯಲ್ಲಿ ಕಾಣೆಯ ಬಾಲದ ತುಂಡೊಂದು ಆಗಲೇ ಅವಳ ಬಾಯಿ ಸೇರಿತ್ತು. ಸಿಕ್ಕಿಬಿದ್ದೆ ಎಂದು ಕಣ್ಣಲ್ಲೇ ನಕ್ಕಳು. ಚಿಕ್ಕಂದಿನಲ್ಲಿ ಅಪ್ಪ ನಮ್ಮನ್ನು ಮೀಟರ್‌ಗೇಜ್ ರೈಲಿನಲ್ಲಿ ಮಂಗಳೂರಿಗೆ ಕರೆದೊಯ್ಯುತ್ತಿದ್ದರು. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗೆ ಸುರಂಗ ಎಣಿಸುವುದು ನಮ್ಮ ಕೆಲಸ. 57 ಇವೆಯಂತೆ, ನಮ್ಮಿಬ್ಬರ ಲೆಕ್ಕ ಒಮ್ಮೆಯೂ ಕೂಡಿ ಬಂದದ್ದಿಲ್ಲ. ಊರು ಸೇರಿದ ಮೇಲೆ ಯಾವುದೋ ಸಣ್ಣ ಹೋಟೆಲಿನಲ್ಲಿ ಬೂತಾಯಿ ಫ್ರೈ. ಅಪ್ಪ ಮುಳ್ಳು ಬಿಡಿಸಿ ಊದಿ ಕೊಡುವಷ್ಟು ತಾಳ್ಮೆಯೂ ಅವಳಿಗಿರಲಿಲ್ಲ, ತಟ್ಟೆಗೇ ಕೈ ಹಾಕಿ ಬೆರಳು ಸುಟ್ಟುಕೊಂಡು ಅಳುತ್ತಲೇ ತಿನ್ನುತ್ತಿದ್ದಳು. ಹಳಿ ಅಗಲ ಮಾಡಲು 1996ರಲ್ಲಿ ನಿಂತ ಆ ದಾರಿಯಲ್ಲಿ ಮತ್ತೆ ಪ್ರಯಾಣಿಕರ ರೈಲು ಓಡಿದ್ದು 2007ರ ಡಿಸೆಂಬರ್‌ನಲ್ಲಿ, ಭಾವನ ವೈನ್ ನೀತಿ ಬಂದ ವರ್ಷವೇ. ಅಷ್ಟು ಹೊತ್ತಿಗೆ ಅಪ್ಪ ಇರಲಿಲ್ಲ. ಅಕ್ಕ ಕಾಯುವುದನ್ನು ಕಲಿತಿದ್ದಳು.

ಮಾರನೆಯ ದಿನ ದೇವರು ಕಣ್ಣು ಬಿಟ್ಟ. ರಾತ್ರಿಯೆಲ್ಲ ಕಡಲ ಗಾಳಿಗೆ ಮೈಯೊಡ್ಡಿ ಕೂತಿದ್ದ ಭಾವನಿಗೆ ನೆಗಡಿ ಹಿಡಿದು ಮೂಗು ಪೂರ್ತಿ ಬಂದ್. ಕುಂದಾಪುರದಲ್ಲಿ ಕೋಳಿ ಘೀ ರೋಸ್ಟ್ ಬಂದೊಡನೆ ಭಾವ ಅಭ್ಯಾಸಬಲದಿಂದ ಬಗ್ಗಿದರು, ಸೊರ್ ಎಂದಿತು, ಸುಮ್ಮನೆ ತಿನ್ನತೊಡಗಿದರು. ಅಮ್ಮ ಕೈಯಿಟ್ಟಳು. ನಾವು ಮುಗಿಬಿದ್ದೆವು. ಎಷ್ಟು ಬಿಸಿಯಾಗಿತ್ತೆಂದರೆ ನನ್ನ ನಾಲಿಗೆ ಸುಟ್ಟಿತು. ಆ ಸುಖವನ್ನು ಬಾಯಿಬಿಟ್ಟು ಹೇಳಲಾರೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಎಲ್ಲರೂ ಇಳಿದು ಫೋಟೊ ತೆಗೆದುಕೊಂಡೆವು. ಭಾವ ಕಾರಿನಲ್ಲೇ ವಿಕ್ಸ್ ಹಚ್ಚಿಕೊಂಡು ಕೂತಿದ್ದರು.

ಅರ್ಧ ಉಳಿದ ವೈನ್ ನಮ್ಮ ಮನೆಯ ಫ್ರಿಜ್ಜು ಸೇರಿತು. ಬೆಂಗಳೂರಿಗೆ ಹೋದವರು ದಿನವೂ ಫೋನ್ ಮಾಡಿ ವಿಚಾರಿಸುತ್ತಿದ್ದರು. ಮುಚ್ಚಳ ಬಿಗಿಯಾಗಿದೆಯೇ, ನೆಟ್ಟಗೆ ನಿಲ್ಲಿಸಿದ್ದೀರಾ, ಪಕ್ಕದಲ್ಲಿ ಈರುಳ್ಳಿ ಇಟ್ಟಿಲ್ಲ ತಾನೇ. ಅತ್ತೆಯ ಮಂಡಿನೋವು ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ. ಮೊನ್ನೆ ಮೀನಿನವನು ಬೀದಿಗೆ ಬಂದಾಗ ಅಮ್ಮ ಬಂಗುಡೆ ಕೊಂಡಳು. ತೊಳೆಯಲು ನಿಂಬೆಹಣ್ಣು ಇರಲಿಲ್ಲ. ಬಾಟಲಿಯನ್ನು ನಾಲಿಗೆಗೆ ಹಚ್ಚಿ ನೋಡಿ, ಹುಳಿ ಬಂದಿದೆ ಎಂದು ಅಷ್ಟನ್ನೂ ಮೀನಿನ ಮೇಲೆ ಸುರಿದು, ಉಪ್ಪು ಅರಿಶಿನ ಹಾಕಿ ಉಜ್ಜಿ ತೊಳೆದು, ಬಾಟಲಿಯನ್ನು ಗುಜರಿಯವನಿಗೆ ಹಾಕಿದಳು. ಫ್ರೈ ಚೆನ್ನಾಗಿಯೇ ಆಗಿತ್ತು. ಬಿಸಿಬಿಸಿ ತಿಂದು ಕೈ ತೊಳೆಯುವಾಗ ಭಾವನ ಫೋನ್.

“ವೈನ್ ಹೇಗಿದೆ?”

“ಖಾಲಿಯಾಯಿತು ಭಾವ. ಬಂಗುಡೆಯ ಜೊತೆ.”

“ಸರಿಯಾಗಿ ಹೊಂದಿತೇ?”

“ಅಮ್ಮನಿಗಂತೂ ಬಹಳ ಅನುಕೂಲವಾಯಿತು.”

ಭಾವನಿಗೆ ಆನಂದವೋ ಆನಂದ. ಅತ್ತೆಗೆ ಇಷ್ಟು ಒಳ್ಳೆಯ ರುಚಿ ಇದೆ ಎಂದು ತಿಳಿದಿರಲಿಲ್ಲವಂತೆ. ಯುಗಾದಿಗೆ ಬರುವಾಗ ಒಂದು ಪೆಟ್ಟಿಗೆಯನ್ನೇ ತರುತ್ತಾರಂತೆ.