ದೋಸೆ ಹೇಗಿತ್ತು?

ರಾತ್ರಿ ಊಟಕ್ಕೆ ಕೂತಿದ್ದೆವು. ನನ್ನ ಫೋನು ಟಿಂಗ್ ಅಂತು. ಅದು ಹೆಂಡತಿಯ ಕೈಗೆ ಹತ್ತಿರದಲ್ಲಿತ್ತು, ನನ್ನ ಗ್ರಹಚಾರ. ಆಕೆ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು: 'ಇವತ್ತು ನೀವು ಹೋಗಿದ್ದ ಬೆಣ್ಣೆ ದೋಸೆ ಹೋಟೆಲ್ ಹೇಗಿತ್ತು? ಸ್ಟಾರ್ ಕೊಡಿ.'

ನನ್ನ ತಟ್ಟೆಯಲ್ಲಿ ಇದ್ದದ್ದು ಜೋಳದ ರೊಟ್ಟಿ, ಎಣ್ಣೆ ಕಾಣದ ಸೊಪ್ಪಿನ ಪಲ್ಯ. ಆರು ತಿಂಗಳಿಂದ ಅಷ್ಟೇ. ಡಾಕ್ಟರು ಕೊಲೆಸ್ಟ್ರಾಲ್ ರಿಪೋರ್ಟ್ ನೋಡಿ ಬೆಣ್ಣೆಯನ್ನು ನಮ್ಮ ಮನೆಯಿಂದ ಗಡಿಪಾರು ಮಾಡಿದ್ದಾರೆ. ದಾವಣಗೆರೆಯಲ್ಲಿದ್ದು ಬೆಣ್ಣೆ ಬಿಡು ಅನ್ನೋದು, ಚಿತ್ರದುರ್ಗದಲ್ಲಿದ್ದು ಕಲ್ಲು ನೋಡಬೇಡ ಅಂದ ಹಾಗೆ.

'ಪಾಸ್‌ಬುಕ್ ಎಂಟ್ರಿ ಮಾಡ್ಸೋಕೆ ಬ್ಯಾಂಕಿಗೆ ಹೋಗಿದ್ದೆ ಅಂದ್ರಲ್ರೀ?'

'ಬ್ಯಾಂಕು ಅದರ ಪಕ್ಕದಲ್ಲೇ ಐತಲ್ಲ. ಫೋನಿಗೆ ಗೊತ್ತಾಗಿಲ್ಲ.'

ಇಲ್ಲಿಗೇ ಮುಗೀತಿತ್ತು. ಆದರೆ ನಾನು ದುಡ್ಡು ಕೊಟ್ಟದ್ದು ಫೋನಿಂದ. ಹೋಟೆಲಿನ ಸೌಂಡ್ ಬಾಕ್ಸು ನನ್ನ ಪಾಪವನ್ನು ರೂಪಾಯಿ ಲೆಕ್ಕದಲ್ಲಿ ಆಗಲೇ ಬೀದಿಗೆಲ್ಲ ಕೂಗಿ ಹೇಳಿತ್ತು. ಖಾತೆ ಇಬ್ಬರ ಹೆಸರಲ್ಲಿದೆ, ಹಾಗಾಗಿ ಮೆಸೇಜು ಅವಳ ಫೋನಿಗೂ ಬಂದಿತ್ತು. ಆಕೆ ಮನಸ್ಸಲ್ಲೇ ಭಾಗಾಕಾರ ಮಾಡಿದಳು.

'ಇದು ಎರಡು ದೋಸೆ ದುಡ್ಡು. ಜೊತೆಗೆ ಯಾರಿದ್ರು?'

ಸೈಕಲಾಜಿಕಲ್ ಥ್ರಿಲ್ಲರ್ ಅಂದ್ರೆ ಇದು ಸ್ವಾಮಿ. ಯಾರೋ ಇದ್ದರು ಅಂದರೆ ಸಂಸಾರ ಹೋಯ್ತು. ಎರಡೂ ನಾನೇ ತಿಂದೆ ಅಂದರೆ ನಾಳೆಯಿಂದ ರೊಟ್ಟಿಯೂ ಹೋಯ್ತು. ಜನ ಸುಮ್ನೆ ಚಂದಾ ಕಟ್ಟಿ ಒಟಿಟಿಯಲ್ಲಿ ಥ್ರಿಲ್ಲರ್ ಹುಡುಕ್ತಾರೆ.

ಮರುದಿನ ನಮ್ಮ ಬೀದಿಯ ವಕೀಲರ ಹತ್ತಿರ ನಗ್ತಾ ಈ ಕಥೆ ಹೇಳಿದೆ. ಅವರು ನಗಲಿಲ್ಲ. 'ನಿಮ್ದು ದೋಸೆ, ಬಿಡ್ರಿ. ಈಗ ಗಂಡ-ಹೆಂಡ್ತಿ ಪೆನ್‌ಡ್ರೈವ್ ಹಿಡ್ಕೊಂಡೇ ಆಫೀಸಿಗೆ ಬರ್ತಾರೆ' ಅಂದರು. 2025ರ ಜುಲೈ 14ರ ಸುಪ್ರೀಂ ಕೋರ್ಟ್ ತೀರ್ಪನ್ನೂ ಹೇಳಿದರು. ಪಂಜಾಬಿನ ಬಟಿಂಡಾದ ಒಬ್ಬ ಗಂಡ ಹೆಂಡತಿಯ ಫೋನ್ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿ ಕೋರ್ಟಿಗೆ ತಂದಿದ್ದ. ಹೈಕೋರ್ಟ್ 2021ರಲ್ಲಿ ಬೇಡ ಅಂದಿತ್ತು. ಸುಪ್ರೀಂ ಕೋರ್ಟು, ದಂಪತಿ ನಡುವಿನ ಕೇಸಿನಲ್ಲಿ ಅದನ್ನು ಸಾಕ್ಷಿಯಾಗಿ ತರಬಹುದು ಅಂದಿತು. ಗಂಡ-ಹೆಂಡತಿ ಒಬ್ಬರ ಮೇಲೊಬ್ಬರು ಕಣ್ಣಿಡೋ ಹಂತಕ್ಕೆ ಬಂದಿದ್ದಾರೆ ಅಂದರೆ ಆ ಸಂಬಂಧ ಆಗಲೇ ಮುರಿದಿದೆ ಅನ್ನೋ ಅರ್ಥದ ಮಾತನ್ನೂ ಸೇರಿಸಿತು. ನಮ್ಮ ಜನ ಮೊದಲನೇದನ್ನು ಮಾತ್ರ ಕೇಳಿಸಿಕೊಂಡರು.

ರೆಕಾರ್ಡ್ ಒಂದಿದ್ದರೆ ಸಾಲದಂತೆ. 2024ರ ಜುಲೈ 1ರಿಂದ ಬಂದ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ನಿನಲ್ಲಿ ಅದಕ್ಕೊಂದು ಸರ್ಟಿಫಿಕೇಟ್ ಬೇಕು. ಅರ್ಧ ನೀವು ತುಂಬಬೇಕು, ಅರ್ಧ ತಜ್ಞರು. ಜೊತೆಗೆ ಹ್ಯಾಶ್ ವ್ಯಾಲ್ಯೂ ಅಂತ ಮಾರುದ್ದದ ಅಂಕಿ-ಅಕ್ಷರ. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಅದು ಬದಲಾಗುತ್ತೆ. ಅಂದ್ರೆ ನೋಡಿ, 'ನಿಮ್ಮವ್ವ ಹಂಗಂದ್ರು' ಅನ್ನೋ ಮಾತಿಗೂ ಇನ್ನು ಹ್ಯಾಶ್ ವ್ಯಾಲ್ಯೂ ಬೇಕು. ನಮ್ಮ ಕಾಲದಲ್ಲಿ ಆ ಮಾತು ವರ್ಷಕ್ಕೊಂದು ಸಲ ಬದಲಾಗ್ತಾ, ಕಡೆಗೆ ನಮ್ಮವ್ವ ಏನೂ ಅಂದೇ ಇಲ್ಲ ಅನ್ನೋವರೆಗೆ ಬರ್ತಿತ್ತು. ಅದರಿಂದಲೇ ಒಂದೇ ಮನೆಯಲ್ಲಿ ನಲವತ್ತು ವರ್ಷ ಸಾಗಿತು.

ಫೋನು ಬರೀ ನೆನಪಿಟ್ಟುಕೊಂಡರೆ ಪರವಾಗಿಲ್ಲ, ಅಲ್ವಾ? ಈಗ ಅದು ನೆನಪು ತಯಾರಿಸೋಕೂ ಶುರು ಮಾಡಿದೆ.

ಮಗಳು ಬೆಂಗಳೂರಿಂದ ಬಂದವಳು ನಮ್ಮ 1985ರ ಮದುವೆಯ ಕಪ್ಪು-ಬಿಳುಪು ಫೋಟೋವನ್ನು ಯಾವುದೋ ಎಐಗೆ ಕೊಟ್ಟಳು. ಎರಡು ನಿಮಿಷಕ್ಕೆ ಬಣ್ಣ ಬಂತು. ಇನ್ನೆರಡು ನಿಮಿಷಕ್ಕೆ ಜೀವವೂ ಬಂತು. ಫೋಟೋದೊಳಗಿನ ನಾನು ಮೆಲ್ಲಗೆ ಕತ್ತು ತಿರುಗಿಸಿ, ಮದುಮಗಳನ್ನು ನೋಡಿ, ಹಲ್ಲು ಕಾಣುವ ಹಾಗೆ ನಕ್ಕೆ. ಅವತ್ತು ನಾನು ನಕ್ಕೇ ಇಲ್ಲ. ಬೆಳಗಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ, ಬಾಸಿಂಗದ ದಾರ ಕಿವಿಯ ಮೇಲೆ ಕೊರೀತಿತ್ತು. ಆ ಹಲ್ಲಂತೂ ನನ್ನದಲ್ಲ. ಮುಂದಿನ ಎರಡು ಯಾವಾಗಲೂ ಸೊಟ್ಟ.

ವಿಡಿಯೋ ಮನೆಯವರ ಗ್ರೂಪಿಗೆ ಹೋಯ್ತು. ಹತ್ತು ನಿಮಿಷದಲ್ಲಿ ಅತ್ತಿಗೆಯ ವಾಯ್ಸ್ ಮೆಸೇಜು: 'ಅವತ್ತು ಹಿಂಗೇ ನಗ್ತಿದ್ದ. ನಂಗೆ ಚೆನ್ನಾಗಿ ನೆನಪೈತಿ.'

ಇದರಲ್ಲಿ ಅತ್ತಿಗೆಯ ತಪ್ಪಿಲ್ಲ. 1974ರಲ್ಲೇ ಅಮೆರಿಕದ ಎಲಿಜಬೆತ್ ಲಾಫ್ಟಸ್ ಅನ್ನೋ ಮನಶ್ಶಾಸ್ತ್ರಜ್ಞೆ ಜನರಿಗೆ ಕಾರು ಅಪಘಾತದ ಫಿಲ್ಮ್ ತೋರಿಸಿ ಇದನ್ನು ಹಿಡಿದಿದ್ದರು. ಕೆಲವರಿಗೆ ಕಾರುಗಳು 'ಗುದ್ದಿದಾಗ' ಎಷ್ಟು ವೇಗ ಇತ್ತು ಅಂತ ಕೇಳಿದರು, ಕೆಲವರಿಗೆ 'ಅಪ್ಪಚ್ಚಿಯಾದಾಗ' ಅಂದರು. ವಾರ ಬಿಟ್ಟು, ಗಾಜು ಒಡೆದಿತ್ತಾ ಅಂತ ಕೇಳಿದರೆ 'ಅಪ್ಪಚ್ಚಿ' ಕೇಳಿದ 50 ಜನರಲ್ಲಿ 16 ಮಂದಿ ಹೌದು ಅಂದರು. 'ಗುದ್ದಿದ' ಕೇಳಿದ 50ರಲ್ಲಿ 7. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ. ಒಂದು ಪದಕ್ಕೇ ಹೀಗೆ. ನನ್ನ ಅತ್ತಿಗೆಗೆ ಸಿಕ್ಕಿದ್ದು ಪೂರ್ತಿ ಬಣ್ಣದ ವಿಡಿಯೋ.

ಇನ್ನು ಸೀರೆ. ಎಐ ಧಾರೆ ಸೀರೆಗೆ ಮರೂನ್ ಬಣ್ಣ ಹಾಕಿತ್ತು. ನಾನು ಗಿಳಿಹಸಿರು ಅಂದೆ. ಅವ್ವನ ಜೊತೆ ಪೇಟೆಗೆ ಹೋಗಿ ಆರಿಸಿದವನು ನಾನೇ. 'ನೀವು ದೋಸೆ ತಿಂದದ್ದನ್ನೇ ಮರೀತೀರಿ' ಅಂದಳು ಹೆಂಡತಿ. ಉತ್ತರ ಇಲ್ಲ. ಎರಡು ದೋಸೆಗೆ ನನ್ನ ನಾಲಿಗೆಯ ಬೆಲೆ ಹೋಗಿಯಾಗಿತ್ತು.

ಕಡೆಗೆ ಅಟ್ಟದ ಟ್ರಂಕು ಇಳಿಸಿದೆ. ಮೇಲೇ ಲಗ್ನಪತ್ರಿಕೆ ಸಿಕ್ಕಿತು. 'ದಾವಣಗೆರೆ, ಚಿತ್ರದುರ್ಗ ಜಿಲ್ಲೆ' ಅಂತಿತ್ತು. ಮೊಮ್ಮಗ ಓದಿ, 'ತಾತ, ತಪ್ಪು ಪ್ರಿಂಟ್ ಆಗಿದೆ' ಅಂದ. ದಾವಣಗೆರೆ ಜಿಲ್ಲೆ ಆಗಿದ್ದೇ 1997ರಲ್ಲಿ ಕಣೋ ಅಂದೆ. ಅವನು ಫೋನಲ್ಲಿ ನೋಡಿದ ಮೇಲೆಯೇ ಒಪ್ಪಿದ.

ಪತ್ರಿಕೆಯ ಕೆಳಗೆ, ಹಳೇ ಪಂಚೆಯಲ್ಲಿ ಸುತ್ತಿ, ನುಸಿಗುಳಿಗೆ ವಾಸನೆಯಲ್ಲಿ ಸೀರೆ ಇತ್ತು. ಗಿಳಿಹಸಿರು. ಅಂಚಲ್ಲಿ ಅರಿಶಿನದ ಕಲೆ ಕೂಡ ಹಾಗೇ ಇತ್ತು. ನಾನು ಮಾತಾಡಲಿಲ್ಲ, ಸುಮ್ನೆ ಬಿಡಿಸಿ ಹಿಡಿದೆ.

ಮಗಳು ಸೀರೆ ನೋಡಿದಳು, ಫೋನು ನೋಡಿದಳು. ಹೆಂಡತಿ ಸೆರಗನ್ನು ಕೈಯಲ್ಲಿ ಸವರಿ, ಫೋನಿನ ಪಕ್ಕಕ್ಕೆ ಹಿಡಿದು, ಸ್ವಲ್ಪ ಹೊತ್ತು ಯೋಚಿಸಿದಳು.

'ಇದು ಅಕ್ಕನ ಸೀರೆ ಇರ್ಬೇಕು. ಧಾರೆದು ಮರೂನೇ.'

'ಹಂಗಾದ್ರೆ ಆ ಮರೂನ್ ಸೀರೆ ಎಲ್ಲೈತೆ?'

'ನೀವೇ ಎಲ್ಲೋ ಕಳೆದಿರ್ತೀರಿ. ಎಲ್ಲೆಲ್ಲಿ ಹೋಗಿದ್ರಿ ಅಂತ ಫೋನ್ ತೆಗೀರಿ, ನೋಡಾಣ.'